ಕಂಪ್ಯೂಟರಿನ ಪೊರಕೆ ಕೆಟ್ಟಿದ್ದು

ಟೀಚರು: ಅದನ್ನ ಬಿಟ್ಟು ಏಳ್ತೀರೋ, ಇಲ್ಲಾ ಕುರ್ಚಿ ಸಮೇತ ಎತ್ತಿ ಹೊರಗಿಡಲೋ?

ಯಜಮಾನರು: ಐದೇ ನಿಮಿಷ. ಮೂವತ್ತೇಳು ಪರ್ಸೆಂಟಿಗೆ ಬಂದಿದೆ.

ಟೀಚರು: ಹದಿನೈದು ದಿನದಿಂದ ಅದು ಮೂವತ್ತೇಳಕ್ಕೇ ಬಂದು ಕೂತಿದೆ. ನನಗೂ ಒಂದು ಕಾಲದಲ್ಲಿ ಮೂವತ್ತೇಳಾಗಿತ್ತು, ದಾಟಿ ಬಂದೆ. ಅದಕ್ಕೇನಂತೆ ಕಷ್ಟ?

ಯಜಮಾನರು: ತಮಾಷೆ ಮಾಡ್ಬೇಡ. ಇದು ಹೊರಗಿಂದ ಹಾಕಿಸಿದ್ದಲ್ಲ ಕಣೇ, ಕಂಪ್ಯೂಟರ್ ಜೊತೆಗೇ ಬಂದಿರೋ ಕ್ಲೀನರ್. ಕಸಾನೆಲ್ಲ ತಾನೇ ಗುಡಿಸಬೇಕು. ಗುಡಿಸ್ತಾ ಇಲ್ಲ. ಜೊತೆಗೇ ಬಂದದ್ದು ಕೆಲಸ ಮಾಡದೆ ಕೂತ್ರೆ ಸುಮ್ನೆ ಬಿಡೋಕಾಗುತ್ತಾ?

ಟೀಚರು: ನಾನು ಬಿಟ್ಟಿಲ್ವಾ? ಇಪ್ಪತ್ತೆಂಟು ವರ್ಷ ಆಯ್ತು.

ಯಜಮಾನರು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತೊಂದು ವರ್ಷ ಫೈಲುಗಳನ್ನು ಕಾದು ಹೋದ ವರ್ಷ ನಿವೃತ್ತರಾದವರು. ಕಾಯುವುದಕ್ಕೆ ಬೇರೇನೂ ಸಿಗದೆ ಮನೆಯ ಕಂಪ್ಯೂಟರಿನ ಮೇಲೆ ಬಿದ್ದಿದ್ದರು. ಅವರ ಹೆಂಡತಿ ಹೊಲಿಗೆ ಶಾಲೆಯ ಟೀಚರು. ನಾಲ್ಕು ವರ್ಷ ಕೂತು ಅವರು ಬರೆದ ಹೊಲಿಗೆ ಪುಸ್ತಕ ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಪ್ರೆಸ್ಸಿಗೆ ಹೋಗಬೇಕಿತ್ತು. ತಪ್ಪಿದರೆ ಮುಂದಿನ ವರ್ಷದ ತನಕ ಅದರ ಸುದ್ದಿಯೇ ಬೇಡ ಎಂದು ಪ್ರೆಸ್ಸಿನವರು ಕಡ್ಡಿ ಮುರಿದಂತೆ ಹೇಳಿದ್ದರು. ಗಡಿಯಾರದಲ್ಲಿ ಆಗಲೇ ಹನ್ನೊಂದೂಕಾಲು.

ಟೀಚರು: ನನ್ನ ಫೈಲು ಇಲ್ಲೇ ಎದುರಿಗೆ ಇರ್ತಿತ್ತಲ್ಲ, ಸ್ಕ್ರೀನಿನ ಮೇಲೆ, ಬಲಗಡೆ. ಎಲ್ಲಿ ಹೋಯ್ತು?

ಯಜಮಾನರು: ಅಲ್ಲಿದ್ರೆ ಬಂದೋರು ಹೋದೋರ ಕಣ್ಣಿಗೆಲ್ಲ ಬೀಳುತ್ತೆ.

ಟೀಚರು: ಈ ಮನೆಗೆ ಬರೋರು ಹಾಲಿನವರು, ಮೀಟರ್ ನೋಡೋರು. ಕಾಲರ್ ಕತ್ತರಿಸೋದು ಹೇಗೆ ಅಂತ ಅವರಿಗೆ ಗೊತ್ತಾದ್ರೆ ಏನು ಪ್ರಳಯ ಆಗಿಬಿಡುತ್ತೆ?

ಯಜಮಾನರು: ವ್ಯವಸ್ಥೆ ಅಂತ ಒಂದಿರುತ್ತೆ. ನಾನೇ ಎತ್ತಿ ಭದ್ರವಾಗಿ ಇಟ್ಟಿದ್ದೀನಿ. ಮೊದಲು ಇದೊಂದು ಮುಗೀಲಿ, ತೆಗೆದುಕೊಡ್ತೀನಿ.

ಟೀಚರು: ಅದಕ್ಕೆ ಏನೇನು ಮದ್ದು ಮಾಡಿದ್ದಾಯ್ತು?

ಯಜಮಾನರು: ಆಫ್ ಮಾಡಿ ಆನ್ ಮಾಡ್ದೆ. ಪ್ಲಗ್ ಕಿತ್ತು, ಒರೆಸಿ, ಮತ್ತೆ ಹಾಕ್ದೆ. ದೋಷ ಹುಡುಕೋ ಇನ್ನೊಂದು ಟೂಲು ಇದರೊಳಗೇ ಇದೆ, ಅದನ್ನೂ ಕೇಳಿ ನೋಡ್ದೆ. 'ಯಾವ ದೋಷವೂ ಕಂಡುಬಂದಿಲ್ಲ' ಅಂತು.

ಟೀಚರು: ನಿಮ್ಮಮ್ಮನೂ ಅದನ್ನೇ ಹೇಳಿ ನಿಮ್ಮನ್ನ ನನಗೆ ಗಂಟು ಹಾಕಿದ್ದು.

ಯಜಮಾನರು ಇದನ್ನು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಳ್ಳದಿರುವ ಅನುಭವ ಅವರಿಗೆ ಸಾಕಷ್ಟಿತ್ತು. ಫೋನೆತ್ತಿ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

ಅಂಗಡಿಯವರು: ಹೇಳಿ ಸಾರ್. ಈ ವಾರಕ್ಕೆ ಇದು ಹದಿನಾರನೇ ಫೋನು.

ಯಜಮಾನರು: ನೀವು ಬೆಳಿಗ್ಗೆ ಕಳಿಸಿದ್ರಲ್ಲ ಒಂದು ಸಾಲು, ಅದನ್ನ ಸ್ಕ್ರೀನಿನಲ್ಲಿ ತೆರೆದಿರೋ ಆ ಕಪ್ಪು ಕಿಟಕಿಯಲ್ಲಿ ಹಾಗೇ ಟೈಪ್ ಮಾಡಿದ್ದೀನಿ. ಈಗ ಒತ್ತಲಾ?

ಅಂಗಡಿಯವರು: ಒತ್ತಿ ಸಾರ್, ಧೈರ್ಯವಾಗಿ.

ಯಜಮಾನರು: ಒತ್ತಿದೆ... ಮೂವತ್ತೆಂಟು! ಲೇ, ಮೂವತ್ತೆಂಟಾಯ್ತು! ನಲವತ್ತು!

ಅಂಗಡಿಯವರು: ಸರಿ ಹೋಯ್ತು ಬಿಡಿ. ಇನ್ನು ಬುಟ್ಟಿ ತಾನೇ ಖಾಲಿಯಾಗುತ್ತೆ.

ಯಜಮಾನರು: ಖಾಲಿ ಅಂದ್ರೆ... ಖಾಲೀನಾ?

ಅಂಗಡಿಯವರು: ಇನ್ನೇನು ಸಾರ್? ರೀಸೈಕಲ್ ಬಿನ್ ಅಂದ್ರೆ ಕಸದ ಬುಟ್ಟಿ ಅಲ್ವಾ? ಒಳಗಿರೋದನ್ನೆಲ್ಲ ಅಳಿಸಿ ಹಾಕುತ್ತೆ. ಆಮೇಲೆ ಯಾರಪ್ಪ ಬಂದ್ರೂ ವಾಪಸ್ ಸಿಗಲ್ಲ.

ಯಜಮಾನರು: ನಾನು, ಬುಟ್ಟಿಯ ಸುತ್ತಮುತ್ತ ಗುಡಿಸುತ್ತೆ ಅಂದ್ಕೊಂಡಿದ್ದೆ.

ಟೀಚರು ಗಡಿಯಾರದಿಂದ ಕಣ್ಣು ಕಿತ್ತು ಗಂಡನ ಕಡೆ ತಿರುಗಿದರು.

ಟೀಚರು: ರೀ. ನನ್ನ ಪುಸ್ತಕ ಎಲ್ಲಿಟ್ಟಿದ್ದೀರಿ?

ಯಜಮಾನರ ಬೆರಳು ಎದ್ದು ಸ್ಕ್ರೀನಿನ ಎಡ ಮೂಲೆಯಲ್ಲಿದ್ದ ಪುಟ್ಟ ಬುಟ್ಟಿಯನ್ನು ತೋರಿಸಿತು.

ಟೀಚರು: ಕಸದ ಬುಟ್ಟಿಗೆ! ನಾಲ್ಕು ವರ್ಷ ಬರೆದದ್ದನ್ನ!

ಯಜಮಾನರು: ಕೂಗ್ಬೇಡ, ಕೇಳು. ರೆಕಾರ್ಡ್ ರೂಮಿನಲ್ಲಿ ಕಪಾಟಿನಲ್ಲಿಟ್ಟ ಫೈಲು ಕಳೀತಿತ್ತು. ಬೀಗ ಹಾಕಿದ ಬೀರುವಿನಿಂದಾನೂ ಮಾಯ ಆಗ್ತಿತ್ತು. ರದ್ದಿ ಬುಟ್ಟಿಗೆ ಮಾತ್ರ ಯಾರೂ ಕೈ ಹಾಕ್ತಿರ್ಲಿಲ್ಲ. ಅದಕ್ಕೇ ಮುಖ್ಯವಾದದ್ದನ್ನೆಲ್ಲ ನನ್ನ ಮೇಜಿನ ಕೆಳಗಿನ ರದ್ದಿ ಬುಟ್ಟೀಲಿ ಇಡ್ತಿದ್ದೆ. ಮೂವತ್ತೊಂದು ವರ್ಷ, ಒಂದು ಹಾಳೆ ಕಳೀಲಿಲ್ಲ!

ಟೀಚರು: ಗುಡಿಸೋರು ಎತ್ತಿ ಚೆಲ್ತಿರ್ಲಿಲ್ವಾ?

ಯಜಮಾನರು: ಗುಡಿಸೋರಾ? ಅದು ಕಚೇರಿ ಕಣೇ.

ಅಂಗಡಿಯವರು: ಮೇಡಂ, ಬೇರೆ ಕಾಪಿ ಇಲ್ವಾ?

ಟೀಚರು: ಇತ್ತು. ಇವರು ಅದನ್ನೂ ಭದ್ರ ಮಾಡಿರ್ತಾರೆ.

ಯಜಮಾನರು ಹೌದೆಂದು ತಲೆಯಾಡಿಸಿದರು.

ಅಂಗಡಿಯವರು: ಈಗ ಎಷ್ಟಾಗಿದೆ ಸಾರ್?

ಯಜಮಾನರು: ಅರವತ್ತೆಂಟು.

ಟೀಚರು: ನಿಲ್ಲಿಸಿ ಅದನ್ನ!

ಯಜಮಾನರು: ನಿಲ್ಲಿಸೋದನ್ನ ಒತ್ತಿದ್ರೆ 'ನಿಮಗೆ ಖಚಿತವೇ?' ಅಂತ ಕೇಳ್ತಿದೆ.

ಟೀಚರು: ಹೌದು ಅನ್ನಿ!

ಯಜಮಾನರು: ಯಾವುದಕ್ಕೆ ಹೌದು? ನಿಲ್ಲಿಸೋದಕ್ಕೋ, ಅಳಿಸೋದಕ್ಕೋ? ಪೂರ್ತಿ ಓದದೆ ಸಹಿ ಹಾಕಬಾರದು.

ಟೀಚರು: ಸಹಿಯಲ್ಲ ಅದು, ಬರೀ ಒತ್ತೋದು! ಒತ್ತಿ!

ಯಜಮಾನರು: ಎಂಬತ್ತೊಂದು.

ಅಂಗಡಿಯವರು: ಪ್ಲಗ್ ಕಿತ್ತುಬಿಡಿ ಸಾರ್!

ಯಜಮಾನರು ಮೇಜಿನ ಕೆಳಗೆ ನುಗ್ಗಿ ಕೈಗೆ ಸಿಕ್ಕ ಪ್ಲಗ್ ಕಿತ್ತರು. ಟೇಬಲ್ ಫ್ಯಾನು ನಿಂತಿತು. ಇನ್ನೊಂದನ್ನು ಕಿತ್ತರು. ಪಕ್ಕದ ಹೊಲಿಗೆ ಯಂತ್ರದ ದೀಪ ಆರಿತು. ಮೂರನೆಯದಕ್ಕೆ ಕೈ ಚಾಚುವಾಗ ಅವರ ತಲೆ ಮೇಜಿಗೆ ಬಡಿದು, ಆ ಸದ್ದಿನ ಜೊತೆಗೇ ಮೇಲೆ ಕಂಪ್ಯೂಟರ್ ಟಣ್ ಎಂದಿತು. ಸ್ಕ್ರೀನಿನ ಮೇಲೆ ನೂರು ಪರ್ಸೆಂಟ್. 'ಸ್ವಚ್ಛತೆ ಯಶಸ್ವಿಯಾಗಿ ಪೂರ್ಣಗೊಂಡಿದೆ.'

ಟೀಚರು ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕುಸಿದು ಕೂತರು.

ಟೀಚರು: ಎಡಗೈಯವರು ಕತ್ತರಿ ಹಿಡಿಯೋದು ಹೇಗೆ ಅಂತ ಒಂದು ಪಾಠ ಬರೆದಿದ್ದೆ ರೀ. ಕತ್ತರಿ ಹಿಡಿಯೋಕೆ ಬರಲ್ಲ ಅಂತ ಒಬ್ಬಳು ಅಳ್ತಾ ಶಾಲೆ ಬಿಟ್ಟು ಹೋದ್ಲು. ಅವಳಿಗೋಸ್ಕರ ಬರೆದದ್ದು.

ಅವರ ಕಣ್ಣು ತುಂಬಿ ಬಂದಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ತಮ್ಮ ವ್ಯವಸ್ಥೆಯ ಮೇಲೆ ಯಜಮಾನರಿಗೇ ಅಸಹ್ಯವಾಯಿತು.

ಯಜಮಾನರು: ನೀನು ಹೇಳ್ತಾ ಹೋಗು, ನಾನು ಮತ್ತೆ ಟೈಪ್ ಮಾಡ್ತೀನಿ. ಇವತ್ತಿಂದಾನೇ.

ಟೀಚರು: ಒಂದೇ ಬೆರಳಲ್ಲಿ ಕುಟ್ಟೋರು ನೀವು. ಮುಗಿಯೋ ಹೊತ್ತಿಗೆ ಜನ ಬಟ್ಟೆ ಹಾಕೋದನ್ನೇ ಬಿಟ್ಟಿರ್ತಾರೆ.

ಅಂಗಡಿಯವರು: ಮೇಡಂ, ಯಾವುದಕ್ಕೂ ಒಂದ್ಸಲ ಬುಟ್ಟಿ ತೆರೆದು ನೋಡಿ.

ಟೀಚರು ಕಣ್ಣೊರೆಸಿಕೊಂಡು ಬುಟ್ಟಿ ತೆರೆದರು. ಅದು ತುಂಬಿ ತುಳುಕುತ್ತಿತ್ತು. ಎಲ್ಲಕ್ಕಿಂತ ಮೇಲೆ ಅವರ ಪುಸ್ತಕ, ಅದರ ಕೆಳಗೆ ಅದರ ಕಾಪಿ. ಒಂದು ಅಕ್ಷರವೂ ಅಳಿಸಿರಲಿಲ್ಲ.

ಯಜಮಾನರು: ನೂರು ಪರ್ಸೆಂಟ್ ಅಂತಲ್ಲ?

ಅಂಗಡಿಯವರು: ಕೆಟ್ಟಾಗ ಹಾಗೇ ಸಾರ್. ಕೆಲಸ ಏನೂ ಆಗಿರಲ್ಲ, ಎಲ್ಲ ಆಯ್ತು ಅಂತ ವರದಿ ಮಾತ್ರ ಬರುತ್ತೆ.

ಟೀಚರು: ಅಯ್ಯೋ, ಇದು ನಿಮ್ಮ ಕಚೇರೀದೇ ರೀ!

ಯಜಮಾನರು: ಅದಕ್ಕೇ ನೋಡು, ನಿನ್ನ ಪುಸ್ತಕ ಉಳೀತು.

ಟೀಚರು ಪುಸ್ತಕವನ್ನು ಹೊರಗೆಳೆದು, ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಪ್ರೆಸ್ಸಿಗೆ ಕಳಿಸಿದರು. 'ಬಂತು' ಎಂದು ಅಲ್ಲಿಂದ ಉತ್ತರ ಬಂದ ಮೇಲೆ ಉಳಿದದ್ದನ್ನೂ ಒಂದೊಂದಾಗಿ ಬುಟ್ಟಿಯಿಂದ ಎತ್ತಿಟ್ಟರು. ಮದುವೆಯ ಫೋಟೋಗಳು, ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೋ, ಮನೆಯ ಪತ್ರಗಳು. ಬುಟ್ಟಿ ಬರಿದಾಯಿತು.

ಟೀಚರು: ನೀವು ಬರೀತಿರೋ 'ನನ್ನ ಸೇವಾ ಜೀವನ' ಇದರಲ್ಲಿ ಇರ್ಲೇ ಇಲ್ವಲ್ಲ? ಆರುನೂರು ಪುಟ, ದಿನಾ ಊಟಕ್ಕೆ ಕೂತಾಗ ನನಗೆ ಓದಿ ಹೇಳ್ತೀರಲ್ಲ, ಅದು?

ಯಜಮಾನರು: ಅದು ಹೊರಗೇ ಬಿದ್ದಿದೆ. ಬುಟ್ಟಿಗೆ ಮುಖ್ಯವಾದದ್ದು ಮಾತ್ರ.

ಟೀಚರು ಗಂಡನ ಮುಖವನ್ನೇ ನೋಡಿದರು. ಅವರ ಸಿಟ್ಟು ಅರ್ಧ ಇಳಿದುಹೋಯಿತು. ಧ್ವನಿಯೂ ಮೆತ್ತಗಾಯಿತು.

ಟೀಚರು: ಹಾಗನ್ಬೇಡಿ. ಅದೇನು ಕಮ್ಮಿ ಮುಖ್ಯಾನಾ? ಈಗಲೇ ಬುಟ್ಟಿಗೆ ಹಾಕಿ.

ಯಜಮಾನರು ಉಬ್ಬಿಹೋಗಿ ಆರುನೂರು ಪುಟಗಳನ್ನೂ ಎಳೆದು ಬುಟ್ಟಿಗೆ ಹಾಕಿದರು.

ಅಂಗಡಿಯವರು: ಹಾಗಾದ್ರೆ ಮೇಡಂ, ಆ ಕ್ಲೀನರ್ ಇನ್ನೂ ಕೆಟ್ಟೇ ಇದೆ. ನಾಳೆ ನಾಡಿದ್ದು ಯಾವಾಗಲಾದ್ರೂ ಬಂದು ಸರಿಮಾಡ್ಲಾ?

ಟೀಚರು: ನಾಳೆ ಯಾಕೆ? ಈಗಲೇ ಬನ್ನಿ. ಊಟದ ಹೊತ್ತಿಗಿಂತ ಮೊದಲೇ ಮುಗಿಸಿಕೊಡಿ.