ಸೀರೆಯ ಅಂಚಿಗೆ ಹೋದ ಐದು ವರ್ಷದ ಯೋಜನೆ

ನಾನು ಬನಹಟ್ಟಿಯಲ್ಲಿ ಸೀರೆ ನೇಯಿಸುವವನು. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಸಾವಿರಾರು ಎಳೆಗಳಲ್ಲಿ ಯಾವುದು ಯಾವಾಗ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂಬುದನ್ನು ಗ್ರಾಫ್ ಹಾಳೆಯ ಮೇಲೆ ಮೊದಲೇ ತೀರ್ಮಾನಿಸುವ ಮನುಷ್ಯ ನಾನು. ಅಂಥವನಿಗೆ ಒಬ್ಬಳೇ ಮಗಳ ಐದು ವರ್ಷವನ್ನು ತೀರ್ಮಾನಿಸುವುದು ಯಾವ ಮಹಾ ಕೆಲಸ? ಈ ಪ್ರಶ್ನೆಯನ್ನು ಬಹಳ ವಿಶ್ವಾಸದಿಂದ ಕೇಳಿಕೊಂಡೆ. ಉತ್ತರಕ್ಕೆ ಮಾತ್ರ ಕಾಯಲಿಲ್ಲ.

ಇದಕ್ಕೆಲ್ಲ ಕಾರಣ ಜಮಖಂಡಿಯಲ್ಲಿ ಕೇಳಿದ ಒಂದು ಭಾಷಣ. ನೂಲು ನೋಡಲು ಹೋದವನು, ಕಲ್ಯಾಣ ಮಂಟಪವೊಂದರ ಮುಂದೆ ‘ಪಾಲಕರಿಗೆ ಉಚಿತ ಮಾರ್ಗದರ್ಶನ, ಚಹಾದ ವ್ಯವಸ್ಥೆ ಇದೆ’ ಎಂಬ ಬ್ಯಾನರ್ ಕಂಡು ಒಳಗೆ ಹೋದೆ. ಚಹಾಕ್ಕಾಗಿಯೇ ಹೋದದ್ದು ಎಂದು ನನ್ನ ಹೆಂಡತಿ ಶೋಭಾ ಹೇಳುತ್ತಾಳೆ. ಅದು ಸುಳ್ಳು. ಬಿಸ್ಕೀಟೂ ಇತ್ತು. ವೇದಿಕೆಯ ಮೇಲೆ ಟೈ ಕಟ್ಟಿದ ತಜ್ಞರೊಬ್ಬರು, “ಕಾಲೇಜಿನ ತಯಾರಿಯನ್ನು ಪಿಯುಸಿಗೆ ಬಂದ ಮೇಲೆ ಶುರು ಮಾಡುವವರು ಮಕ್ಕಳ ವೈರಿಗಳು. ಎಂಟನೇ ತರಗತಿಯಿಂದಲೇ ಒಂದೊಂದು ವರ್ಷಕ್ಕೂ ಯೋಜನೆ ಬೇಕು. ಯೋಜನೆಯಿಲ್ಲದ ತಂದೆ ತಂದೆಯೇ ಅಲ್ಲ!” ಎಂದು ಗುಡುಗಿದರು. ಪಕ್ಕದ ಕುರ್ಚಿಯವರು ಕಣ್ಣೊರೆಸಿಕೊಂಡರು. ನಾನು ಆ ಕ್ಷಣದಿಂದಲೇ ತಂದೆಯಾಗಲು ನಿರ್ಧರಿಸಿದೆ.

ಮನೆಗೆ ಬಂದವನೇ, ಸೀರೆಯ ಅಂಚಿನ ವಿನ್ಯಾಸ ಬಿಡಿಸುವ ದೊಡ್ಡ ಗ್ರಾಫ್ ಹಾಳೆಯನ್ನು ಹಾಸಿ ಕುಳಿತೆ. ಇಂಥ ಕೆಲಸಕ್ಕೆ ಉಳಿದವರು ನೋಟ್‌ಬುಕ್ ಬಳಸುತ್ತಾರಂತೆ, ಪಾಪ. ಒಂದೊಂದು ವರ್ಷಕ್ಕೆ ಒಂದೊಂದು ಪಟ್ಟಿ, ಒಂದೊಂದು ಚೌಕಕ್ಕೆ ಅರ್ಧ ಗಂಟೆ. ಗಣಿತಕ್ಕೆ ಕೆಂಪು, ವಿಜ್ಞಾನಕ್ಕೆ ಹಸಿರು, ಇಂಗ್ಲಿಷಿಗೆ ನೀಲಿ, ಊಟ ಮತ್ತು ಸ್ನಾನಕ್ಕೆ ಸೇರಿ ಒಂದು ಸಣ್ಣ ಹಳದಿ ಚುಕ್ಕೆ. ಎಂಟನೇ ತರಗತಿಗೆ ‘ಬುನಾದಿ’ ಎಂದು ಹೆಸರಿಟ್ಟೆ. ಒಂಬತ್ತು ‘ವೇಗ’. ಹತ್ತು ‘ಫಲಿತಾಂಶ’. ಪಿಯುಸಿ ಮೊದಲ ವರ್ಷ ‘ತಪಸ್ಸು’. ಎರಡನೇ ವರ್ಷಕ್ಕೆ ಬೇರೆ ಹೆಸರು ಹೊಳೆಯಲಿಲ್ಲ, ‘ಘೋರ ತಪಸ್ಸು’ ಎಂದು ಬರೆದೆ.

ಶೋಭಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಇದರಾಗ ಹುಡಿಗಿ ನಗೂದು ಯಾವಾಗ್ರೀ?”

“ಡಿಗ್ರಿ ಆದ ಮ್ಯಾಲೆ.”

“ಜ್ವರಾ ಗಿರಾ ಬಂದ್ರ?”

“ರವಿವಾರ ಸಂಜಿಕ ಎರಡ ಚೌಕ ಇಟ್ಟೇನಲ್ಲ!”

“ಭಾಳ ದೊಡ್ಡ ಮನಸ್ಸು ನಿಮ್ದು,” ಎಂದು ಹೇಳಿ ಅವಳು ರೊಟ್ಟಿ ಬಡಿಯಲು ಹೋದಳು. ಮೆಚ್ಚುಗೆ ಎಂದೇ ನಾನು ತಿಳಿದುಕೊಂಡೆ.

ಮಗಳು ರೂಪಾ ಬಂದು ಹಾಳೆಯ ಮೇಲೆ ಬೆರಳಾಡಿಸಿ ಹುಡುಕಿದಳು. “ಅಪ್ಪಾ, ಖೋಖೋ ಎಲ್ಲೈತಿ?”

ಮುಂದಿನ ಶನಿವಾರ ಮುಧೋಳದಲ್ಲಿ ಹುಡುಗಿಯರ ಖೋಖೋ ತಂಡಕ್ಕೆ ಆಯ್ಕೆಯಿತ್ತು. ಅವಳ ಶಾಲೆಯಿಂದ ಇಬ್ಬರ ಹೆಸರು ಹೋಗಿದ್ದವು, ಅದರಲ್ಲಿ ಇವಳದೊಂದು. ಜತೆಗೆ ಪಾಲಕರು ಬರಲೇಬೇಕು, ಇಲ್ಲದಿದ್ದರೆ ಅಂಗಳಕ್ಕೇ ಬಿಡುವುದಿಲ್ಲ. ಎರಡು ವರ್ಷದಿಂದ ಮೊಣಕಾಲು ತರಚಿಸಿಕೊಂಡು ಆಡಿದ್ದೆಲ್ಲ ಆ ಒಂದು ದಿನಕ್ಕಾಗಿ.

“ಖೋಖೋಕ್ಕ ಯಾವ ಕಾಲೇಜಿನ್ಯಾಗ ಡಿಗ್ರಿ ಕೊಡ್ತಾರವ್ವಾ?” ಎಂದೆ. “ಶನಿವಾರ ನೋಡಿಲ್ಲಿ, ಪೂರಾ ಕೆಂಪ ಐತಿ.”

ಅವಳು ವಾದ ಮಾಡಲಿಲ್ಲ. ಒಳಗೆ ಹೋಗಿ ಆಟದ ಬೂಟುಗಳನ್ನು ಅಟ್ಟದ ಮೇಲೆ ಎತ್ತಿಟ್ಟಳು. ಸದರಿ ಯೋಜನೆಯು ಸರ್ವಾನುಮತದಿಂದ ಅಂಗೀಕಾರವಾಗಿದೆ ಎಂದು ನಾನು ಮನಸ್ಸಿನಲ್ಲೇ ಠರಾವು ಬರೆದುಕೊಂಡೆ.

ಮರುದಿನ ನಾನು ಅವಸರದಲ್ಲಿದ್ದೆ. ಬೀಳಗಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಪಿಯುಸಿ ಮುಗಿಸಿದ ಅವಳ ಮಗನ ಹಳೆಯ ಪುಸ್ತಕಗಳಿದ್ದವು. ‘ಘೋರ ತಪಸ್ಸಿ’ನ ಸಾಮಗ್ರಿ ಈಗಲೇ ಮನೆಯಲ್ಲಿರಲಿ ಎಂದು ಹೊರಟಿದ್ದೆ. ಅಷ್ಟರಲ್ಲಿ ಮಲ್ಲಪ್ಪ ಬಂದ. ನಾವು ಗ್ರಾಫ್ ಹಾಳೆಯಲ್ಲಿ ಬಿಡಿಸಿದ ವಿನ್ಯಾಸ ನೋಡಿ ಮಗ್ಗಕ್ಕೆ ಬೇಕಾದ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು, ಅವನ್ನು ಮಗ್ಗಕ್ಕೆ ಏರಿಸಿಕೊಡುವವನು ಅವನು. ಆ ತೂತುಗಳು ಹೇಳಿದಂತೆ ಮಗ್ಗ ಕೇಳುತ್ತದೆ. ಹೊಸ ಹಂಸದ ಅಂಚಿನ ವಿನ್ಯಾಸ ಒಂದು ಸುರುಳಿಯಾಗಿ ಕಪಾಟಿನ ಮೇಲಿತ್ತು. ಯೋಜನೆಯೂ ಸುರುಳಿಯಾಗಿ ಅದರ ಪಕ್ಕದಲ್ಲೇ ಇತ್ತು. ಒಂದನ್ನು ಮಲ್ಲಪ್ಪನ ಕೈಗೆ ಕೊಟ್ಟೆ. ಇನ್ನೊಂದನ್ನು ರೂಪಾಳ ಕೈಗೆ ಕೊಟ್ಟು, “ಗ್ವಾಡಿಗೆ ಅಂಟಿಸು. ಇದರಾಗ ಹೆಂಗೈತಿ ಹಂಗ ನಡಿಬೇಕು!” ಎಂದು ಆಜ್ಞಾಪಿಸಿ ಬಸ್ಸು ಹತ್ತಿದೆ.

ಬೀಳಗಿಯಲ್ಲಿ ನಾಲ್ಕು ದಿನ ಉಳಿದೆ. ಪುಸ್ತಕ ಕಟ್ಟಲು ಒಂದು ಗಂಟೆ ಸಾಕಾಗಿತ್ತು. ಉಳಿದ ಸಮಯ ನೆಂಟರಿಗೆಲ್ಲ ಮಕ್ಕಳ ಭವಿಷ್ಯದ ಬಗ್ಗೆ ಮಾರ್ಗದರ್ಶನ ಮಾಡಿದೆ. ನಾಲ್ಕನೆಯ ದಿನ ಅಕ್ಕನೇ ನನ್ನ ಚೀಲ ತಂದು ಬಾಗಿಲಲ್ಲಿಟ್ಟಳು.

ಮನೆಗೆ ಬಂದು ನೋಡಿದರೆ, ರೂಪಾಳ ಮೇಜಿನ ಮೇಲಿನ ಗೋಡೆಯಲ್ಲಿ ಸಾಲಾಗಿ ಹಂಸಗಳು!

“ಏನ ಇದು?” ಎಂದೆ.

“ನೀವ ಕೊಟ್ಟಿದ್ದು ಅಪ್ಪಾ. ಇದರಾಗ ಹೆಂಗೈತಿ ಹಂಗ ನಡಿ ಅಂದಿದ್ರಿ. ನಾಕ ದಿನಾ ಆತು, ಕುತಗಿ ಎತ್ತಿ ನಡ್ಯಾಕತ್ತೇನಿ.”

ಹಾಗಾದರೆ ಮಲ್ಲಪ್ಪನ ಕೈಗೆ ಹೋದದ್ದು? ಶೆಡ್ಡಿಗೆ ಓಡಿದೆ. ಮೂರನೆಯ ಮಗ್ಗ ಖಟಖಟ ಎನ್ನುತ್ತ ಬಹಳ ಶ್ರದ್ಧೆಯಿಂದ ನನ್ನ ಮಗಳ ವಿದ್ಯಾಭ್ಯಾಸವನ್ನು ನೇಯುತ್ತಿತ್ತು. ಅಂಚಿನಲ್ಲಿ ಗಣಿತ ಕೆಂಪಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಊಟ ಮತ್ತು ಸ್ನಾನ ಚುಕ್ಕೆಯಾಗಿ ಮಿಣುಕುತ್ತಿತ್ತು. ವಿನ್ಯಾಸವೊಂದು ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುವುದು ಅಂಚಿನ ಧರ್ಮ. ಹಾಗಾಗಿ ನನ್ನ ಮಗಳು ಎರಡು ಗೇಣಿಗೊಮ್ಮೆ ಪಿಯುಸಿ ಮುಗಿಸಿ, ಮತ್ತೆ ಎಂಟನೇ ತರಗತಿಗೆ ಬಂದು ಕೂರುತ್ತಿದ್ದಳು. ಸೆರಗಿಗೆ ಬರುವಷ್ಟರಲ್ಲಿ ಪಾಪದ ಹುಡುಗಿ ಹತ್ತು ಹನ್ನೆರಡು ಸಲ ಘೋರ ತಪಸ್ಸು ಮಾಡಿಬಿಟ್ಟಿದ್ದಳು!

“ನಿನಗ ಗುರ್ತಾ ಹತ್ತಲಿಲ್ಲೇನು?” ಎಂದು ಶೋಭಾಳ ಮೇಲೆ ಹಾರಿದೆ.

“ಮೊದಲನೇ ಸೀರಿಗೇ ಹತ್ತಿತ್ತು,” ಎಂದಳು ಅವಳು, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ. “ಆದ್ರ ನೀವ ಕೈಯಾರೆ ಕೊಟ್ಟ ಹೋಗೀರಿ. ಯೋಜನಾ ಮಾಡಾವ್ರು ನೀವು. ನಡುವ ನಾ ಯಾಕ ಬಾಯಿ ಹಾಕಲಿ?”

ಮಗ್ಗ ನಿಲ್ಲಿಸುವಷ್ಟರಲ್ಲಿ ಬಾಗಿಲಲ್ಲಿ ಚನಬಸಪ್ಪನವರು ನಿಂತಿದ್ದರು. ರಬಕವಿಯ ಸೀರೆ ವ್ಯಾಪಾರಿ. ನಮ್ಮ ಸೀರೆಗಳನ್ನೆಲ್ಲ ಒಯ್ಯುವವರು ಅವರೇ. ಅವರು ಕನ್ನಡಕ ಏರಿಸಿ, ಅಂಚನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

“ಬಣ್ಣಾ ಛಲೋ ಅದಾವು. ಆದ್ರ ಭಾಳ ಗಿಚ್ಚ ತುಂಬೀರಿ. ಉಸಿರಾಡಾಕ ಜಾಗಾನ ಇಲ್ಲ ನೋಡ್ರಿ. ಇದನ್ನ ಉಟ್ಟ ಹೆಣಮಗಳಿಗೆ ತಲಿ ತಿರಗತೈತಿ. ನಡುನಡುವ ಖಾಲಿ ಬಿಡ್ರಿ. ಖಾಲಿ ಇದ್ರನ ಬಣ್ಣ ಎದ್ದ ಕಾಣತಾವ.”

ವ್ಯಾಪಾರಿ ಹೇಳಿದ ಮೇಲೆ ಮುಗಿಯಿತು. ಮಲ್ಲಪ್ಪನ ಹತ್ತಿರವಿದ್ದ ಯೋಜನೆಯ ಹಾಳೆಯನ್ನು ತರಿಸಿ, ರಬ್ಬರ್ ಹಿಡಿದು ಅಲ್ಲೇ ಕುಳಿತೆ. ಅವರು ಬೆರಳು ತೋರಿಸಿದಲ್ಲೆಲ್ಲ ಅಳಿಸಿದೆ. ಶನಿವಾರದ ಗಣಿತ ಹೋಯಿತು. ಬೆಳಗಿನ ವಿಜ್ಞಾನ ಹೋಯಿತು. ತಪಸ್ಸು ಅರ್ಧವಾಯಿತು. “ಇನ್ನೂ ಬಿಡ್ಲೇನ್ರಿ?” ಎಂದು ನಾನೇ ಕೇಳಿ ಕೇಳಿ ಅಳಿಸಿದೆ. ಐದು ನಿಮಿಷದಲ್ಲಿ ಹಾಳೆಯ ಮೂರನೆಯ ಒಂದು ಭಾಗ ಬೆಳ್ಳಗಾಯಿತು.

ಚನಬಸಪ್ಪನವರಿಗೆ ನೀರು ತಂದ ರೂಪಾ ಇದನ್ನೆಲ್ಲ ನೋಡುತ್ತ ನಿಂತಿದ್ದಳು. “ಅಪ್ಪಾ, ಸೀರಿಗೆ ಖಾಲಿ ಬಿಟ್ರಿ,” ಎಂದಳು ಮೆಲ್ಲಗೆ. “ನನಗ?”

“ಯಾಕವ್ವಾ, ನಿನಗೂ ಇಂಥಾದ್ದ ಸೀರಿ ಬೇಕೇನು?” ಎಂದರು ಚನಬಸಪ್ಪನವರು.

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮಗಳು ಕೇಳಿದಾಗ ಒಂದು ಚೌಕ ಬಿಡದವನು, ವ್ಯಾಪಾರಿ ಕೇಳಿದರೆ ಇಡೀ ಶನಿವಾರವನ್ನೇ ಬಿಟ್ಟುಕೊಟ್ಟಿದ್ದೆ. ಅಟ್ಟ ಹತ್ತಿ ಬೂಟುಗಳನ್ನು ನಾನೇ ಇಳಿಸಿ, ಧೂಳು ಒರೆಸಿ, ಅವಳ ಮುಂದಿಟ್ಟೆ. ಅವಳು ಬೂಟನ್ನು ಎದೆಗವಚಿಕೊಂಡು ಓಡಿದಳು, ನಾಲ್ಕು ದಿನದ ಹಂಸನಡಿಗೆಯನ್ನೆಲ್ಲ ಮರೆತು.

ಶನಿವಾರ ಮುಧೋಳದ ಅಂಗಳದಲ್ಲಿ ನನ್ನ ಮಗಳು ಓಡಿದ್ದನ್ನು ಮೊದಲ ಸಲ ನೋಡಿದೆ. ಕಂಬ ಸುತ್ತಿ ತಿರುಗುವಾಗ ನೆಲಕ್ಕೆ ತಾಗುವಷ್ಟು ಬಾಗುತ್ತಾಳೆ, ಬೀಳುವುದಿಲ್ಲ. ನಾನು ಕೂಗಿದ ಕೂಗಿಗೆ ಪಂಚರು ಎರಡು ಸಲ ಸೀಟಿ ಊದಿ ಎಚ್ಚರಿಕೆ ಕೊಟ್ಟರು. ಆಟಗಾರ್ತಿಗಲ್ಲ, ನನಗೆ! ಸಂಜೆ ಹೆಸರು ಓದಿದಾಗ ರೂಪಾಳದು ಆರನೆಯದು. ನನ್ನ ಕಣ್ಣಲ್ಲಿ ನೀರು ಬಂತು.

ಆಯ್ಕೆಯಾದವರ ಪಾಲಕರಿಗೆ ತರಬೇತುದಾರರು ಒಂದೊಂದು ಅರ್ಜಿ ಕೊಟ್ಟರು. ನಾನು ಪೆನ್ನು ಜಾಡಿಸಿ ಎಲ್ಲರಿಗಿಂತ ಮುಂಚೆ ಬರೆಯತೊಡಗಿದೆ. ಹೆಸರು ಬರೆದೆ. ತಾಲೂಕು ಬರೆದೆ. ತರಗತಿ ಎಂಬಲ್ಲಿ ‘ಎಂಟು’ ಎಂದು ದುಂಡಗೆ ಬರೆದು ಕೆಳಗೆ ಗೆರೆಯನ್ನೂ ಎಳೆದೆ.

ರೂಪಾ ಭುಜದ ಮೇಲಿಂದ ಇಣುಕಿದಳು. “ಅಪ್ಪಾ, ನಾ ಒಂಬತ್ತನೇ ಕ್ಲಾಸಿನ್ಯಾಗ ಅದೀನಿ.”

“ಯಾವಾಗಿಂದ?”

“ಜೂನ್ ತಿಂಗಳಿಂದ.”

ಸುತ್ತಲಿನ ಪಾಲಕರೆಲ್ಲ ಬರೆಯುವುದನ್ನು ನಿಲ್ಲಿಸಿದರು.

“ಮತ್ತ ನಾ ಯೋಜನಾ ಮಾಡೂ ಮುಂದ ಯಾಕ ಹೇಳಲಿಲ್ಲ?” ಎಂದು ಪಿಸುಗುಟ್ಟಿದೆ.

“ಹೇಳಿದ್ರ, ಒಂದ ವರ್ಷ ತಡಾ ಆತು ಅಂತ ಐದ ವರ್ಷದ್ದು ನಾಕ ವರ್ಷದಾಗ ತುಂಬತಿದ್ರಿ. ಅದಕ್ಕ ಅವ್ವ ‘ಸುಮ್ನಿರು’ ಅಂದ್ಲು.”

ತರಬೇತುದಾರರು ನನ್ನ ಅರ್ಜಿಯನ್ನು ಹಗುರಾಗಿ ಎಳೆದುಕೊಂಡು, ಹೊಸದೊಂದನ್ನು ರೂಪಾಳ ಕೈಗೆ ಕೊಟ್ಟರು. “ಆಕಿ ತುಂಬಲಿ ಬಿಡ್ರಿ, ಆಕಿಗೆ ಎಲ್ಲಾ ಗೊತ್ತೈತಿ. ನೀವು ಬರೇ ಸಹಿ ಮಾಡ್ರಿ.”

ಸಹಿ ಮಾಡಿದೆ. ಎಲ್ಲಿ ಮಾಡಬೇಕು ಎಂಬುದನ್ನೂ ಅವಳೇ ಬೆರಳಿಟ್ಟು ತೋರಿಸಿದಳು.