ನಲವತ್ತೊಂದನೇ ಕುರ್ಚಿ

ಇಷ್ಟೆಲ್ಲ ರಗಳೆಗೆ ಕಾರಣ ಒಂದೇ ಒಂದು ಕೆಂಪು ಸಾಲು.

ಕಚೇರಿಯ ನೆಲಮಾಳಿಗೆಯಲ್ಲಿ ಒಬ್ಬನೇ ಕೂರುತ್ತಿದ್ದವನನ್ನು ಎಲ್ಲರೂ ತಾಳೆಯಣ್ಣ ಅನ್ನುತ್ತಿದ್ದರು. ಡೇಟಾಬೇಸಿನಲ್ಲಿ ಕೂಡಿಟ್ಟ ಪಟ್ಟಿಗಳು ಕೆಟ್ಟಿಲ್ಲವೇ, ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವುದೇ ಅವನ ಕೆಲಸ. ಹನ್ನೊಂದು ವರ್ಷ ಅಲ್ಲಿ ಅವನ ಜೊತೆಗಿದ್ದ ಸದ್ದೆಂದರೆ ಯಂತ್ರದ ಫ್ಯಾನಿನ ಗೊರಕೆ. ಊಟದ ಡಬ್ಬಿ ಬಿಚ್ಚುವಾಗ "ಬಾರಪ್ಪಾ, ಉಣ್ಣೋಣ" ಅಂತ ಅದನ್ನೇ ಕರೆಯುತ್ತಿದ್ದ.

ಅಂದು ಬೆಳಿಗ್ಗೆ ಮೇಲಿನ ಮಹಡಿಯಿಂದ ಕಚೇರಿಯ ಮುಖ್ಯಸ್ಥೆ ಮೇಡಂ ಫೋನ್ ಮಾಡಿದರು. "ಐದು ಗಂಟೆಯೊಳಗೆ ಒಂದೂ ತಪ್ಪಿಲ್ಲದ ವರದಿ ಕೊಡಿ. ನಾಳೆಯಿಂದ ಮೇಲೆ ಬಂದು ನಮ್ಮ ಜೊತೆ ಕೂತ್ಕೊಳ್ಳಿ. ನಾನು ಐದರ ತನಕ ಮೀಟಿಂಗಲ್ಲಿರ್ತೀನಿ, ಕರೀಬೇಡಿ."

ತಾಳೆಯಣ್ಣನ ಎದೆ ಬಿಸಿಲಿಗೆ ಹಾಕಿದ ಹತ್ತಿ ದಿಂಬಿನ ಹಾಗೆ ಉಬ್ಬಿತು. ಪರೀಕ್ಷೆ ಓಡಿಸಿದ. ಲಕ್ಷ ಸಾಲು ಸರಿ, ಒಂದು ಮಾತ್ರ ಕೆಂಪು. ನಲವತ್ತೊಂದನೇ ಕುರ್ಚಿ ಒಂಬೈನೂರ ಏಳನೇ ನಂಬರಿನವರದ್ದು ಅಂತ ಕುರ್ಚಿ ಪಟ್ಟಿ ಹೇಳುತ್ತದೆ. ನೌಕರರ ಪಟ್ಟಿಯಲ್ಲಿ ಆ ನಂಬರಿನ ಮನುಷ್ಯನೇ ಇಲ್ಲ!

ಏದುಸಿರು ಬಿಡುತ್ತಾ ಮೇಲೆ ಹೋದ. ಕಿಟಕಿ ಪಕ್ಕ ಕುರ್ಚಿ ಖಾಲಿ.

"ನಿವೃತ್ತರಾದ ಮೀಸೆ ಮಾವನದ್ದಿರಬೇಕು," ಎಂದಳು ಟೈಪಿಸ್ಟ್ ಅಕ್ಕ.

ಮೀಸೆ ಮಾವನಿಗೆ ಫೋನ್ ಹಚ್ಚಿದ. "ನಂದು ನೂರಾ ಹನ್ನೆರಡು ಕಣಯ್ಯಾ. ಇಡಬೇಡ, ಇಡಬೇಡ! ನನಗ್ಯಾರು ಫೋನ್ ಮಾಡ್ತಾರೆ?" ಎಂದ ಅವರು ಒಂದು ಗಂಟೆ ಮಂಡಿನೋವಿನ ಕತೆ ಹೇಳಿದರು. ಇಡಲು ತಾಳೆಯಣ್ಣನಿಗೂ ಮನಸ್ಸಾಗಲಿಲ್ಲ.

"ಆ ಕುರ್ಚೀಲಿ ಕೂತೋರನ್ನ ನಾನಂತೂ ಕಂಡಿಲ್ಲ. ದೆವ್ವದ್ದೇ ಇರ್ಬೇಕು," ಎಂದ ಕಾವಲುಗಾರ.

ಐದಕ್ಕೆ ಹತ್ತು ನಿಮಿಷ.

"ಇಲ್ಲದ ಮನುಷ್ಯನಿಗೆ ಕುರ್ಚಿ ಯಾಕಣ್ಣಾ? ಅಳಿಸಿ ಬಿಸಾಕಿ!" ಎಂದಳು ಅಕ್ಕ.

"ಪಾಪ, ಯಾರಾದರೂ ಇದ್ದುಬಿಟ್ಟರೆ?" ಎಂದು ತಾಳೆಯಣ್ಣ ಕೆಳಗಿಳಿದ. ಕುರ್ಚಿಯ ಮುಂದಿದ್ದ ಆ ನಂಬರನ್ನು ಅಳಿಸಿದ. ವರದಿ ತೊಳೆದ ತಟ್ಟೆಯಂತೆ ಸ್ವಚ್ಛ.

ಮೀಟಿಂಗ್ ಮುಗಿಸಿ ಬಂದ ಮೇಡಂ ವರದಿ ನೋಡಿ, "ಭೇಷ್! ಬನ್ನಿ, ನಿಮ್ಮ ಜಾಗ ತೋರಿಸ್ತೀನಿ," ಎಂದು ಕಿಟಕಿಯತ್ತ ನಡೆದರು. ಅಲ್ಲಿ ಉಗ್ರಾಣದಯ್ಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊರಟಿದ್ದ.

"ಯಾರ ಹೆಸರಿಗೂ ಇಲ್ಲ ಅಂತ ಕಂಪ್ಯೂಟರಲ್ಲಿ ಈಗ ತಾನೇ ಬಂತು ಮೇಡಂ. ಬೇರೆ ಶಾಖೆಯೋರು ಕೇಳಿ ಕೇಳಿ ಸುಸ್ತಾಗಿದ್ರು, ಬರೆದುಕೊಟ್ಟುಬಿಟ್ಟೆ."

"ಅಯ್ಯೋ! ಒಂಬೈನೂರ ಏಳು ಮೇಲೆ ಬರೋಕೆ ಇವರಿಗೆ ಕೊಟ್ಟ ಹೊಸ ನಂಬರು ಕಣ್ರೀ. ನಾಳೆ ಬೆಳಿಗ್ಗೆ ನೌಕರರ ಪಟ್ಟಿಗೆ ಸೇರಿಸೋಳಿದ್ದೆ. ಕುರ್ಚಿ ಯಾರಾದ್ರೂ ಹಾರಿಸ್ತಾರೆ ಅಂತ ಇವತ್ತೇ ಹಿಡಿದಿಟ್ಟಿದ್ದೆ!"

"ನಿಂತೇ ಇರ್ತೀನಿ ಮೇಡಂ, ಪರವಾಗಿಲ್ಲ," ಎಂದ ತಾಳೆಯಣ್ಣ.

"ಬೇರೆ ಕುರ್ಚಿ ಖಾಲಿ ಇಲ್ಲ, ಕುರ್ಚಿ ನಂಬರಿಲ್ಲದೆ ಹೆಸರು ಸೇರಿಸೋಕೆ ಯಂತ್ರ ಬಿಡಲ್ಲವಲ್ರೀ. ಆ ನಿಯಮ ಹಾಕಿದ್ದು ನೀವೇ ಅಲ್ವಾ?"

ಹೌದು, ಅವನೇ. ತಾಳೆಯಣ್ಣ ಫ್ಯಾನಿನ ಗೊರಕೆ ಕೇಳುತ್ತಿದ್ದ ನೆಲಮಾಳಿಗೆಯತ್ತ ಮೆಟ್ಟಿಲಿಳಿದ.