ಗೋದಲಿಯಲ್ಲಿ ರೇಷ್ಮೆಗೂಡು

"ಈ ಸಲ ನಮ್ಮ ಮನೆಯಲ್ಲಿ ಸರಳ ಕ್ರಿಸ್‌ಮಸ್!" ಎಂದು ಡಿಸೆಂಬರ್ ಮೊದಲ ವಾರ ಕಾಫಿ ಲೋಟ ಎತ್ತಿ ಘೋಷಿಸಿದೆ. ಸೀರಿಯಲ್ ಲೈಟು ಬೇಡ, ಹನ್ನೆರಡು ಬಗೆಯ ತಿಂಡಿ ಬೇಡ, ಕೋಲಾರದ ಅಂಗಡಿ ಅಂಗಡಿ ಅಲೆಯುವುದೂ ಬೇಡ. ನೆಂಟರಿಷ್ಟರಿಗೆಲ್ಲ ನನ್ನ ಕೈಯಾರೆ ಮಾಡಿದ ನಲವತ್ತು ಕಾರ್ಡು, ಅಷ್ಟೇ!

"ನಿಮ್ಮ ಕೈಯಾರೆ?" ನನ್ನ ಹೆಂಡತಿ ಸುನಂದ ನಕ್ಕಳು. "ನೀವು ರಟ್ಟು ಹಾಕಿದ ಪುಸ್ತಕಾನ ಇವತ್ತಿನವರೆಗೂ ಯಾರೂ ತೆರೆಯಕ್ಕಾಗಿಲ್ಲ!"

"ಕಲಾವಿದನಿಗೆ ಸ್ವಂತ ಮನೇಲಿ ಮರ್ಯಾದೆ ಇಲ್ಲ ಕಣೇ!"

"ಹಂಗಾದ್ರೆ ಕಲಾವಿದರೇ, ಒಂದು ಕಾರ್ಡು ಮಾತ್ರ ನೆಟ್ಟಗೆ ಮಾಡಿ. ಅಕ್ಕನಿಗೆ."

ನನ್ನ ನಗು ಇಳಿಯಿತು. ಅಕ್ಕ ಎಂದರೆ ಸುನಂದಳ ಒಡಹುಟ್ಟಿದ ಅಕ್ಕ, ಮಾಲೂರಿನ ಶ್ರೀವಾಣಿ. ಮೂರು ವರ್ಷದ ಹಿಂದೆ ಅವರು ಪ್ರೀತಿಯಿಂದ ತಂದ ಪ್ಲಮ್ ಕೇಕ್ ನೋಡಿ ನಾನು, "ಅಕ್ಕ, ಇದಕ್ಕೆ ಚಾಕು ಸಾಲಲ್ಲ, ಗರಗಸ ಕೊಡಿ" ಎಂದಿದ್ದೆ. ಅಂದಿನಿಂದ ಮಾತಿಲ್ಲ. ಸುನಂದ ಫೋನ್ ಮಾಡಿದರೂ ಆ ಕಡೆಯಿಂದ ಕಟ್!

ಮಾರನೇ ವಾರ ಸುಗಟೂರಿನ ಗೆಳೆಯ ಮುನಿಯಲ್ಲಪ್ಪನ ಮನೆಗೆ ಹೋಗಿದ್ದೆ. ರೇಷ್ಮೆ ಬೆಳೆಯುವವನು. ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ, ಚಂದ್ರಿಕೆಯ ತುಂಬ ಬೆಳ್ಳಗಿನ ಗೂಡುಗಳು! ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಬಟ್ಟೆ ಸುತ್ತಿ ದನದ ಗೋದಲಿಯ ಹುಲ್ಲಿನಲ್ಲಿ ಮಲಗಿಸಿದ ಬಾಲಯೇಸು ಥೇಟ್ ಹೀಗೇ ಅಲ್ಲವೇ? ಒಂದು ಚೀಲ ಬೇಡಿ ಪಡೆದೆ.

"ಒಳಗೆ ಹುಳ ಜೀವಂತ ಐತೆ ಸಾರ್," ಎಂದ ಮುನಿಯಲ್ಲಪ್ಪ. "ಮೂರು ದಿನ ಕಡಕ್ ಬಿಸ್ಲಲ್ಲಿ ಹಾಕಿ, ಮರೀಬೇಡಿ!"

ಮರೆಯಲಿಲ್ಲ. ಟೆರೇಸಿನಲ್ಲಿ ಹರವಿದೆ, ಆದರೆ ಒಂದೇ ಮಧ್ಯಾಹ್ನ. ಕೋಲಾರದ ಡಿಸೆಂಬರ್ ಬಿಸಿಲಿಗೆ ಹುಳಗಳಿಗೆ ಸೊಗಸಾದ ನಿದ್ದೆ ಹತ್ತಿರಬೇಕು, ಅಷ್ಟೇ!

ಆಮೇಲೆ ಒಂದು ವಾರ ಮಹಾಯಜ್ಞ. ರಟ್ಟಿನ ಮೇಲೆ ರಾಗಿಹುಲ್ಲು, ಹುಲ್ಲಿನ ಮೇಲೆ ಗೂಡು, ಗೂಡಿಗೆ ಎರಡು ಕಣ್ಣು, ಪಕ್ಕದಲ್ಲಿ ನಾನೇ ಬರೆದ ಚಿತ್ರ. ನನ್ನ ಬೆರಳುಗಳೇ ಒಂದಕ್ಕೊಂದು ಅಂಟಿಕೊಂಡು ಎರಡು ದಿನ ಚಮಚದಲ್ಲಿ ಊಟ! ಸುನಂದ ಒಂದು ಕಾರ್ಡಿನೊಳಗೆ, "ಅಕ್ಕ, ನೀನಿಲ್ಲದ ಹಬ್ಬ ಹಬ್ಬಾನೇ ಅಲ್ಲ. ಈ ಸಲ ಬಾ" ಎಂದು ಬರೆದಳು. ಅದನ್ನು ಸ್ವೀಟ್ ಡಬ್ಬಿಯಲ್ಲಿಟ್ಟು, ಮಾಲೂರಿನಿಂದ ದಿನವೂ ಬಂದು ಹೋಗುವ ತನ್ನ ಶಾಲೆಯ ಟೀಚರ್ ತಬಸ್ಸುಮ್ ಕೈಯಲ್ಲಿ ಕಳಿಸಿದಳು. ಉಳಿದ ಮೂವತ್ತೊಂಬತ್ತು ಷೋಕೇಸಿನ ಮೇಲೆ ಸಾಲಾಗಿ ನಿಂತವು.

ಮರುದಿನ ಬೆಳಗ್ಗೆ ನಡುಮನೆಯಿಂದ ಚೀರಾಟ! "ರೀ! ಬಾಲಯೇಸು ಅಲ್ಲಾಡ್ತಿದಾನೆ!"

ಓಡಿದೆ. ಗೂಡಿನ ತುದಿ ಒದ್ದೆಯಾಗಿ, ಕಂದು ನೀರು ಸುರಿದು, ಒಳಗಿಂದ ಒಂದು ಬಿಳಿ ಪತಂಗ ತಲೆ ಹಾಕಿತು. ಅದರ ಪಕ್ಕ ಇನ್ನೊಂದು! ಹತ್ತು ಗಂಟೆಗೆ ಇಪ್ಪತ್ತು, ಹನ್ನೊಂದಕ್ಕೆ ಜೋಡಿ ಜೋಡಿ. ನಮ್ಮ ಷೋಕೇಸಿನ ಮೇಲೆ ಸಾಮೂಹಿಕ ವಿವಾಹ! ಮಧ್ಯಾಹ್ನದ ಹೊತ್ತಿಗೆ ಸುನಂದಳ ಹೊಸ ಟೇಬಲ್ ಕ್ಲಾತಿನ ಮೇಲೆ ಸಾಸಿವೆಯಂಥ ಮೊಟ್ಟೆ!

ಮುನಿಯಲ್ಲಪ್ಪನಿಗೆ ಫೋನ್ ಮಾಡಿದರೆ ಅವನು ಎರಡು ನಿಮಿಷ ಬರೀ ನಕ್ಕ. "ಮರಿಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕಳಿಸ್ಲಾ ಸಾರ್?"

ಸುನಂದ ನಗಲಿಲ್ಲ. ಕುರ್ಚಿಯಲ್ಲಿ ಕುಸಿದಳು. "ಅಕ್ಕನ ಡಬ್ಬಿಯಲ್ಲೂ ಇದೇ ಗತಿ. ಬೇಕಂತ ಅವಮಾನ ಮಾಡಿದ್ರು ಅಂದ್ಕೋತಾಳೆ. ಇನ್ನು ಮುಗೀತು ರೀ."

ನನಗೆ ನಿಜವಾಗಿ ಸಂಕಟವಾಯಿತು. ಗರಗಸದ ಮಾತು ನನ್ನದು, ಗೂಡೂ ನನ್ನದು. "ಮಾಲೂರಿಗೆ ನಾನೇ ಹೋಗಿ ಕ್ಷಮೆ ಕೇಳ್ತೀನಿ," ಎಂದು ಚಪ್ಪಲಿ ಮೆಟ್ಟುವಾಗಲೇ ಫೋನ್ ಬಂತು. ಶ್ರೀವಾಣಿ! ಸುನಂದ ಸ್ಪೀಕರ್ ಒತ್ತಿದಳು.

"ಅಯ್ಯೋ ದೇವುಡಾ, ಏನ್ ಕಾರ್ಡೇ ಅದು!" ಎಂದರು ಅಕ್ಕ. "ಡಬ್ಬಿ ತೆಗೆದೆ, ಬಿಳಿ ಚಿಟ್ಟೆ ಬಂದು ನನ್ನ ಕೈ ಮೇಲೆ ಕೂತ್ಕೊಂತು ಕಣೇ. ಮೂರು ವರ್ಷದ ಕೋಪ ಅಲ್ಲೇ ಕರಗೋಯ್ತು. ಹಬ್ಬಕ್ಕೆ ಬರ್ತೀನಿ."

ಸುನಂದ ಅಳುತ್ತಾ ನಗುತ್ತಿದ್ದಳು. ನಾನು ಎದೆ ಉಬ್ಬಿಸಿ ಫೋನ್ ಕಿತ್ತುಕೊಂಡೆ. "ಎಲ್ಲ ಲೆಕ್ಕ ಹಾಕೇ ಮಾಡಿದ್ದು ಅಕ್ಕ!"

"ಚಿತ್ರಾನೂ ನೀವಾ ಬರೆದದ್ದು? ಕೈ ಚೆನ್ನಾಗಿದೆ ರೀ. ಅದ್ರಲ್ಲೂ ತೊಟ್ಟಿಲ ಪಕ್ಕ ನಿಂತಿರೋ ಆ ಕತ್ತೆ ಇದೆಯಲ್ಲ, ಜೀವ ಬಂದಂಗಿದೆ!"

ನಾನು ಮೆಲ್ಲಗೆ ಹೇಳಿದೆ, "ಅಕ್ಕ, ಅದು ಕತ್ತೆ ಅಲ್ಲ. ಯೇಸುವಿನ ಅಪ್ಪ, ಯೋಸೇಫ."